ತಟ್ಟೆಯ ಅಳತೆಗೆ ಸಿಕ್ಕಿದ ಮಾಂಜಿ

ಬೂತಾಯಿಯನ್ನೋ ಬಂಗುಡೆಯನ್ನೋ ಕೊಳ್ಳಲು ಹೋದವರು ಕೇಳುವ ಪ್ರಶ್ನೆ ‘ನೂರಕ್ಕೆ ಎಷ್ಟು?’ ಎಂಬುದು. ಮಾಂಜಿಯ, ಎಂದರೆ ಪಾಂಫ್ರೆಟ್ ಮೀನಿನ, ಮುಂದೆ ನಿಂತವರು ಹಾಗೆ ಕೇಳುವುದಿಲ್ಲ. ಅವರು ಮೊದಲು ಕಣ್ಣಿನಲ್ಲೇ ಮೀನನ್ನು ಅಳೆದು, ಒಂದನ್ನು ಬೆರಳಿನಿಂದ ತೋರಿಸಿ ‘ಇದಕ್ಕೆ?’ ಎನ್ನುತ್ತಾರೆ. ಒಂದೇ ಬೋಟಿನಿಂದ ಒಂದೇ ಬೆಳಿಗ್ಗೆ ಇಳಿದ ಮಾಂಜಿಯೇ ಆದರೂ ಇನ್ನೂರು ಗ್ರಾಮಿನದಕ್ಕೆ ಒಂದು ದರ, ಮುನ್ನೂರರದಕ್ಕೆ ಇನ್ನೊಂದು, ಅರ್ಧ ಕಿಲೋ ದಾಟಿದ್ದಕ್ಕೆ ಮತ್ತೊಂದು. ಏಲಂ ಕೂಗುವ ದಕ್ಕೆಯಿಂದ ರಫ್ತಿನ ಶೀತಲೀಕರಣ ಘಟಕದವರೆಗೆ ಇದೇ ಕ್ರಮ. ದೊಡ್ಡದು ಕಿಲೋಗೆ ಸಾವಿರ ರೂಪಾಯಿಯನ್ನು ಸಲೀಸಾಗಿ ದಾಟಿ ಹೋಗುವಾಗ, ಅಂಗೈಯಷ್ಟಿರುವ ಮರಿಮಾಂಜಿ ಅದರ ಅರ್ಧಕ್ಕೂ ಕಡಿಮೆ ಬೆಲೆಗೆ ಬುಟ್ಟಿಯ ಮೂಲೆಯಲ್ಲಿ ರಾಶಿ ಬಿದ್ದಿರುತ್ತದೆ. ಇವೆರಡರ ನಡುವೆ ಇರುವುದೇ ಊಟದ ತಟ್ಟೆಯಲ್ಲಿ ತಲೆಯಿಂದ ಬಾಲದವರೆಗೆ ಹಿಡಿಸುವ, ಇನ್ನೂರೈವತ್ತು ಮುನ್ನೂರು ಗ್ರಾಮಿನ ಮಾಂಜಿ. ಹೋಟೆಲಿನವರಿಗೆ ಬೇಕಾದದ್ದು ಅದು, ನೆಂಟರು ಬಂದಾಗ ಮನೆಯವರು ಹುಡುಕುವುದೂ ಅದನ್ನೇ. ಮಾಂಜಿಯ ವ್ಯಾಪಾರದಲ್ಲಿ ಮೀನಿಗಿಂತ ತಟ್ಟೆಯ ಮಾತೇ ಹೆಚ್ಚು ನಡೆಯುತ್ತಿದೆ ಎಂಬುದು ಬಹುಕಾಲದಿಂದ ಈ ಮೀನನ್ನು ಕೊಂಡು ಬೇಯಿಸಿ ತಿನ್ನುತ್ತ ಬಂದ ನನ್ನ ಅಭಿಪ್ರಾಯ.

ಮೊದಲು ಮೀನು ಯಾವುದೆಂಬುದನ್ನು ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಪಾಂಫ್ರೆಟ್ ಎಂಬ ಹೆಸರಿನಡಿ ಮಾರಾಟವಾಗುವುದೆಲ್ಲ ಮಾಂಜಿಯಲ್ಲ. ಬಿಳಿ ಮಾಂಜಿ ಬೆಳ್ಳಿಯ ಬಣ್ಣದ, ಪಕ್ಕದಿಂದ ನೋಡಿದರೆ ವಜ್ರದಾಕಾರದ, ಚಪ್ಪಟೆಯಾದ ಸಮುದ್ರದ ಮೀನು. ವಿಜ್ಞಾನಿಗಳು ಇದನ್ನು ಬಹುಕಾಲ ಪ್ಯಾಂಪಸ್ ಆರ್ಜೆಂಟಿಯಸ್ ಎಂದೇ ಬರೆಯುತ್ತಿದ್ದರು. ಈಚಿನ ವರ್ಷಗಳಲ್ಲಿ ಭಾರತದ ಕರಾವಳಿಯ ಮೀನು ಪ್ಯಾಂಪಸ್ ಕ್ಯಾಂಡಿಡಸ್ ಎಂಬ ಬೇರೆಯೇ ಪ್ರಭೇದವೆಂದು ಗುರುತಿಸಿದ್ದಾರೆ. ಕಪ್ಪು ಮಾಂಜಿ ಮಾಂಜಿಯ ಹೆಸರು ಹೊತ್ತಿದ್ದರೂ ಟ್ರೆವಲ್ಲಿ ಮೀನುಗಳ ಕುಟುಂಬಕ್ಕೆ ಸೇರಿದ್ದು. ಅದರ ಬಾಲದ ಬುಡದಲ್ಲಿ ಬೆರಳಾಡಿಸಿದರೆ ಗಟ್ಟಿಯಾದ ಒರಟು ಪೊರೆಗಳ ಸಾಲು ಕೈಗೆ ಸಿಗುತ್ತದೆ. ಮಾಂಸ ಬಿಳಿ ಮಾಂಜಿಯಷ್ಟು ನಯವಲ್ಲ, ಆದರೆ ಸಾರಿಗೆ ಹಾಕಿದರೆ ಒಡೆಯುವುದಿಲ್ಲ, ಬೆಲೆಯೂ ಕಡಿಮೆ. ಅದನ್ನು ಎರಡನೆಯ ದರ್ಜೆಯದೆಂದು ತಳ್ಳಿಹಾಕುವವರ ಸಾಲಿನಲ್ಲಿ ನಾನಿಲ್ಲ.

ಘಟ್ಟದ ಮೇಲೆ, ವಿಶೇಷವಾಗಿ ಬೆಂಗಳೂರಿನಲ್ಲಿ, ಮೋಸ ಹೋಗುವ ಸಾಧ್ಯತೆ ಹೆಚ್ಚು. ಅಲ್ಲಿ ರೂಪಚಂದ್ ಎಂಬ ಹೆಸರಿನ, ದಕ್ಷಿಣ ಅಮೆರಿಕ ಮೂಲದ, ಕೆರೆ ಕೊಳಗಳಲ್ಲಿ ಸಾಕುವ ಸಿಹಿನೀರಿನ ಮೀನು ಮಾಂಜಿಯ ವೇಷ ಹಾಕಿಕೊಂಡು ತಟ್ಟೆಗೆ ಬರುವುದುಂಟು. ರೂಪಚಂದ್ ತಿನ್ನಬಾರದ ಮೀನೇನಲ್ಲ. ಅದನ್ನು ಅದರ ಹೆಸರಿನಲ್ಲಿ, ಅದರ ಬೆಲೆಗೆ ಮಾರಿದರೆ ಯಾರ ತಕರಾರೂ ಇಲ್ಲ. ಇಡೀ ಮೀನು ಎದುರಿಗಿದ್ದರೆ ಗುರುತಿಸುವುದು ಕಷ್ಟವೂ ಅಲ್ಲ. ಅದರ ಬೆನ್ನಿನ ರೆಕ್ಕೆಗೂ ಬಾಲಕ್ಕೂ ನಡುವೆ ಒಂದು ಪುಟ್ಟ ತಿರುಳಿನ ರೆಕ್ಕೆ ಇರುತ್ತದೆ, ಬಾಯಿ ತೆರೆದರೆ ಮನುಷ್ಯರ ಹಲ್ಲನ್ನು ನೆನಪಿಸುವ ಚಪ್ಪಟೆ ಹಲ್ಲುಗಳು ಕಾಣುತ್ತವೆ. ಈಗ ಸಮುದ್ರದ ಪಂಜರಗಳಲ್ಲಿ ಸಾಕುವ ಪಾಂಪನೊ ಎಂಬ ಇನ್ನೊಂದು ಮೀನೂ ಮಾರುಕಟ್ಟೆಗೆ ಬರುತ್ತಿದೆ. ಒಳ್ಳೆಯ ಬಿಳಿ ಮಾಂಸದ ಮೀನು, ಆದರೆ ಅದೂ ಮಾಂಜಿಯಲ್ಲ. ಬಿಳಿ ಮಾಂಜಿಯನ್ನು ರೂಪಚಂದ್, ಪಾಂಪನೊ ಎರಡರಿಂದಲೂ ಬೇರ್ಪಡಿಸುವ ಗುರುತು ಹೊಟ್ಟೆಯ ಕೆಳಗಿದೆ: ಅಲ್ಲಿ ಆ ಎರಡು ಮೀನುಗಳಿಗೆ ಜೋಡಿ ರೆಕ್ಕೆಗಳಿದ್ದರೆ ಬಿಳಿ ಮಾಂಜಿಗೆ ಅವು ಇಲ್ಲವೇ ಇಲ್ಲ. ಮೀನನ್ನು ತಿರುಗಿಸಿ ನೋಡಿದರೆ ಸಾಕು, ಪುಸ್ತಕ ಬೇಕಾಗಿಲ್ಲ. ತುಂಡು ಮಾಡಿ ಪೊಟ್ಟಣ ಕಟ್ಟಿಟ್ಟ ಮಾಂಜಿಯನ್ನು ನಾನು ಕೊಳ್ಳದಿರುವುದಕ್ಕೆ ಮುಖ್ಯ ಕಾರಣವೂ ಇದೇ.

ತಾಜಾತನದ ಪರೀಕ್ಷೆ ಮಾಂಜಿಯಲ್ಲಿ ಬಂಗುಡೆಯಷ್ಟು ಸುಲಭವಲ್ಲ. ಬಂಗುಡೆಯ ಕಿವಿರಿನ ಮುಚ್ಚಳವನ್ನು ಎತ್ತಿದರೆ ಒಳಗಿನ ಕೆಂಪು ಪೂರ್ತಿ ಕಾಣುತ್ತದೆ. ಮಾಂಜಿಯ ಕಿವಿರು ತೆರೆದುಕೊಳ್ಳುವುದು ಪಕ್ಕದ ರೆಕ್ಕೆಯ ಮುಂದಿನ ಒಂದು ಕಿರಿದಾದ ಸೀಳಿನಲ್ಲಿ. ಹೆಬ್ಬೆರಳಿನ ಉಗುರನ್ನು ಅದರೊಳಗೆ ತೂರಿಸಿ ಹಿಗ್ಗಿಸಿದರೆ ಮಾತ್ರ ಬಣ್ಣ ತಿಳಿಯುತ್ತದೆ. ಹಾಗೆ ನೋಡುವವರನ್ನು ಕಂಡರೆ ಕುಂದಾಪುರ ಕಡೆಯ ಮೀನು ಮಾರುವ ಹೆಂಗಸರು ಸಿಟ್ಟಾಗುವುದಿಲ್ಲ. ‘ಮುಟ್ಟಿ ಕಾಣಿ ಅಣ್ಣ, ಐಸಿಂದಲ್ಲ ಇದ್’ ಎಂದು ತಾವೇ ಮೀನನ್ನು ಮುಂದಕ್ಕೆ ಚಾಚುತ್ತಾರೆ. ತಲೆಯ ಕಡೆ ಹಿಡಿದಾಗ ಬಾಲ ಜೋತು ಬೀಳದೆ ನೆಟ್ಟಗೆ ನಿಂತರೆ ಮೀನು ಸತ್ತು ಹೆಚ್ಚು ಹೊತ್ತಾಗಿಲ್ಲವೆಂದು ಅರ್ಥ. ಕಣ್ಣು ಗುಳಿಬಿದ್ದಿರಬಾರದು, ಮಂಜು ಕವಿದಿರಬಾರದು. ಬೆರಳಿನಿಂದ ಒತ್ತಿದ ಗುಂಡಿ ತುಂಬಿಕೊಳ್ಳಬೇಕು. ಒತ್ತಬೇಕಾದದ್ದು ದಪ್ಪನೆಯ ಬೆನ್ನನ್ನಲ್ಲ, ತಲೆಯ ಹಿಂದೆ ಕೆಳಭಾಗದಲ್ಲಿರುವ ಪುಟ್ಟ ಹೊಟ್ಟೆಯನ್ನು, ಏಕೆಂದರೆ ಕೆಡುವುದು ಅಲ್ಲಿಂದ ಶುರುವಾಗುತ್ತದೆ. ಮೈಮೇಲಿನ ಬೆಳ್ಳಿಯನ್ನು ಮಾತ್ರ ನಂಬಿ ಕೂರಬಾರದು. ಮಾಂಜಿಯ ಪೊರೆ ಬಹಳ ಸಣ್ಣದು, ಸಡಿಲವಾದದ್ದು. ಬೋಟು ಎಳೆದೊಯ್ಯುವ ಟ್ರಾಲ್ ಬಲೆಯಲ್ಲಿ ಉಜ್ಜಿಕೊಂಡು ಬೋಳಾದ ಮೀನು ತಾಜಾ ಆಗಿರಬಹುದು, ನೀರಿನಲ್ಲಿ ಗೋಡೆಯಂತೆ ಇಳಿಬಿಡುವ ಬೀಡು ಬಲೆಯಿಂದ ಜೋಪಾನವಾಗಿ ಬಿಡಿಸಿದ ಹೊಳೆಯುವ ಮೀನು ಹಳೆಯದಾಗಿರಬಹುದು.

‘ಐಸಿಂದಲ್ಲ’ ಎಂಬ ಮಾತಿನ ಬಗ್ಗೆ ಒಂದು ತಕರಾರು ಹೇಳಿಬಿಡಬೇಕು. ನಮ್ಮಲ್ಲಿ ಐಸು ಹಾಕಿದ ಮೀನೆಂದರೆ ಹಳಸಿದ ಮೀನೆಂಬ ಭಾವನೆ ಬೇರೂರಿದೆ. ಹಿಡಿದ ಕೂಡಲೇ ಸಾಕಷ್ಟು ಐಸಿನಲ್ಲಿಟ್ಟ ಮೀನು ಒಂದೆರಡು ದಿನವಾದರೂ ಚೆನ್ನಾಗಿಯೇ ಇರುತ್ತದೆ. ಬಿಸಿಲೇರಿದ ಮೇಲೂ ಬುಟ್ಟಿಯಲ್ಲಿ ಬರಿದೇ ಕುಳಿತಿರುವ ಇಂದಿನ ಮೀನು ಮಧ್ಯಾಹ್ನಕ್ಕೆ ಅದಕ್ಕಿಂತ ಕೆಳಗಿಳಿದಿರುತ್ತದೆ. ಹಾಗೆಯೇ ‘ಇವತ್ತು ಇಳಿದದ್ದು’ ಎಂದರೆ ಇವತ್ತು ಹಿಡಿದದ್ದು ಎಂದಾಗುವುದಿಲ್ಲ. ವಾರಕ್ಕೂ ಹೆಚ್ಚು ಕಾಲ ಕಡಲಲ್ಲಿದ್ದು ಮರಳುವ ಆಳಸಮುದ್ರದ ಟ್ರಾಲ್ ಬೋಟಿನಲ್ಲಿ ಮೊದಲ ದಿನದ ಮೀನು, ಕೊನೆಯ ದಿನದ ಮೀನು ಎರಡೂ ಇರುತ್ತವೆ, ಮಲ್ಪೆಯಲ್ಲೋ ಮಂಗಳೂರಿನಲ್ಲೋ ಒಂದೇ ಮುಂಜಾನೆ ಇಳಿಯುತ್ತವೆ. ಹೀಗಾಗಿ ನಾನು ಮಾರುವವರನ್ನು ಕೇಳುವುದು ಮೀನು ಯಾವತ್ತಿನದೆಂದಲ್ಲ, ಯಾವ ಬೋಟಿನದೆಂದು. ಬೆಳಿಗ್ಗೆ ಹೋಗಿ ಸಂಜೆಗೆ ಬರುವ ದೋಣಿಯದು ಎಂಬ ಉತ್ತರ ಸಿಕ್ಕರೆ ಚೌಕಾಸಿಯನ್ನು ಸ್ವಲ್ಪ ಸಡಿಲಿಸಬಹುದು.

ಇನ್ನು ಅಳತೆಯ ಮಾತು. ಮರಿಮಾಂಜಿ ಅಗ್ಗವಾಗಿ ಸಿಗುವುದಕ್ಕೆ ಅದರ ಮೈಯ ಆಕಾರವೂ ಒಂದು ಕಾರಣ. ಬಲೆಯ ಕಣ್ಣಿನಿಂದ ಉದ್ದನೆಯ ಸಪೂರ ಮೀನು ನುಸುಳಿ ಹೋಗಬಲ್ಲದು. ಅಷ್ಟೇ ತೂಕದ ಮಾಂಜಿ ಅಗಲವಾಗಿರುವುದರಿಂದ ಒಳಗೇ ಉಳಿಯುತ್ತದೆ. ಸಾಮಾನ್ಯ ಟ್ರಾಲ್ ಬಲೆಯ ವಜ್ರದಾಕಾರದ ಕಣ್ಣುಗಳು ಬೋಟು ಎಳೆಯುವ ಬಿಗಿತಕ್ಕೆ ಮುಚ್ಚಿಕೊಂಡು ಗೆರೆಯಂತಾಗುತ್ತವೆ, ಆಮೇಲೆ ಅದರಿಂದ ಯಾವ ಮರಿಯೂ ಹೊರಗೆ ಹೋಗಲಾರದು. ಬಲೆಯ ತುದಿಯ ಚೀಲಕ್ಕೆ ಚೌಕ ಕಣ್ಣಿನ ಬಲೆ ಬಳಸಬೇಕೆಂದು ಮೀನುಗಾರಿಕಾ ವಿಜ್ಞಾನಿಗಳು ಹೇಳುತ್ತ ಬಂದಿರುವುದು ಈ ಕಾರಣಕ್ಕೇ: ಚೌಕ ಕಣ್ಣು ಎಳೆತಕ್ಕೂ ತೆರೆದೇ ಇರುತ್ತದೆ. ಮರಿಗಳನ್ನು ತಿರುಗಿ ಕಡಲಿಗೆ ಬಿಟ್ಟರಾಯಿತಲ್ಲ ಎಂದು ದಡದಲ್ಲಿ ನಿಂತು ಹೇಳುವುದು ಸುಲಭ, ಆದರೆ ಬಲೆ ಮೇಲೆ ಬರುವ ಹೊತ್ತಿಗೆ ಅವು ಬದುಕಿ ಉಳಿದಿರುವುದು ಅಪರೂಪ.

ಇದು ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ನಮ್ಮ ಬಡಗಣ ನೆರೆಯ ಮಹಾರಾಷ್ಟ್ರ ನಮಗಿಂತ ಮೊದಲು ಕಂಡಿದೆ. ಪಾಲ್ಘರ್ ಜಿಲ್ಲೆಯ ಸಾತ್ಪಾಟಿ ಪಾಪ್ಲೇಟಿಗೆ, ಎಂದರೆ ನಮ್ಮ ಮಾಂಜಿಗೆ, ಹೆಸರಾದ ಊರು. ಅಲ್ಲಿನ ಮೀನುಗಾರರು ದೊಡ್ಡ ಕಣ್ಣಿನ ಬೀಡು ಬಲೆಯಿಂದ ಬೆಳೆದ ಮೀನನ್ನು ಹಿಡಿಯುತ್ತಿದ್ದರೆ, ಪ್ರವಾಹಕ್ಕೆ ಬಾಯಿ ತೆರೆದು ಕಟ್ಟುವ ಚೀಲದಂಥ ಡೋಲ್ ಬಲೆಗಳಲ್ಲಿ ಅದೇ ಮೀನಿನ ಮರಿಗಳು ರಾಶಿಯಾಗಿ ಸಿಗುತ್ತಿದ್ದವು. ಮರಿಗಳನ್ನು ಹಿಡಿಯಬಾರದೆಂಬ ಕೂಗು ಅಲ್ಲಿ ಎದ್ದದ್ದು ಮೀನುಗಾರರ ನಡುವಿನಿಂದಲೇ. ಇಳುವರಿ ಕುಸಿಯುತ್ತ ಬಂದ ಹಿನ್ನೆಲೆಯಲ್ಲಿ 2023ರ ಸೆಪ್ಟೆಂಬರಿನಲ್ಲಿ ಆ ರಾಜ್ಯ ಬಿಳಿ ಪಾಪ್ಲೇಟನ್ನು ತನ್ನ ರಾಜ್ಯಮೀನೆಂದು ಘೋಷಿಸಿತು. ಅದೇ ವರ್ಷ ಹಲವು ಮೀನುಗಳಿಗೆ ಹಿಡಿಯಬಹುದಾದ ಕನಿಷ್ಠ ಗಾತ್ರವನ್ನೂ ಗೊತ್ತುಪಡಿಸಿತು. ಪಾಪ್ಲೇಟಿಗೆ ಇಟ್ಟ ಮಿತಿ 135 ಮಿಲಿಮೀಟರ್. ನನ್ನನ್ನು ಕೇಳಿದರೆ ಅದು ತೀರ ಕೆಳಗಿನ ಗೆರೆ. ಮೀನು ಮೊಟ್ಟೆಯಿಡುವ ಹಂತಕ್ಕೆ ಬರಬೇಕಾದರೆ ಇದಕ್ಕಿಂತ ದೊಡ್ಡದಾಗಬೇಕು. ಆದರೂ ಗೆರೆಯೇ ಇಲ್ಲದಿರುವುದಕ್ಕಿಂತ ಇದು ಮೇಲು, ಅಂಗೈಯನ್ನು ಅಡ್ಡ ಹಿಡಿದು ನೋಡಿದರೆ ಯಾರಿಗೂ ತಿಳಿಯುವಂಥದ್ದು.

ಮಾಂಜಿಯ ವಿಷಯದಲ್ಲಿ ಈ ಎಚ್ಚರ ಯಾಕೆ ಬೇಕೆಂದರೆ ನಮ್ಮ ಮಾರುಕಟ್ಟೆಯ ಬಿಳಿ ಮಾಂಜಿಯೆಲ್ಲ ಕಡಲಿನಿಂದಲೇ ಬರಬೇಕು. ಸಿಗಡಿಯನ್ನು ಕೆರೆಯಲ್ಲಿ ಸಾಕಿದ ಹಾಗೆ, ಕುರುಡಿ (ಸೀಬಾಸ್) ಮೀನನ್ನು ಪಂಜರದಲ್ಲಿ ಬೆಳೆಸಿದ ಹಾಗೆ ಇದನ್ನು ಬೆಳೆಸಿ ಮಾರುವ ವ್ಯವಸ್ಥೆ ನಮ್ಮಲ್ಲಿಲ್ಲ. ಇದೇ ಜಾತಿಯ ಮೀನು ಕುವೈತ್‌ನಲ್ಲಿ ಜುಬೈದಿ ಎಂಬ ಹೆಸರಿನಲ್ಲಿ ಬಹಳ ಪ್ರಿಯವಾದದ್ದು. ಅಲ್ಲಿನ ಸಂಶೋಧನಾ ಸಂಸ್ಥೆ 1990ರ ದಶಕದ ಕೊನೆಗೇ ಅದನ್ನು ಸಾಕಿ ಬೆಳೆಸುವ ಪ್ರಯತ್ನ ಕೈಗೊಂಡಿತ್ತು. ಲೋಳೆಮೀನು, ತೇಲುವ ಸೂಕ್ಷ್ಮಜೀವಿಗಳನ್ನು ತಿಂದು ಬದುಕುವ, ಮುಟ್ಟಿದರೆ ಪೊರೆ ಉದುರುವ ಇಷ್ಟು ನಾಜೂಕಿನ ಮೀನನ್ನು ತೊಟ್ಟಿಯಲ್ಲಿಡುವುದು ಸಲೀಸಲ್ಲ. ಆ ದೇಶದಲ್ಲಿ ವರ್ಷದ ಒಂದಿಷ್ಟು ಕಾಲ ಜುಬೈದಿ ಹಿಡಿಯುವುದಕ್ಕೆ ನಿಷೇಧವಿದೆ. ಅಲ್ಲಿ ಕೆಲಸ ಮಾಡಿ ಬಂದ ನಮ್ಮ ಕರಾವಳಿಯ ಹಲವರು ಅನ್ನದ ಮೇಲೆ ಹುರಿದ ಜುಬೈದಿ ಇಟ್ಟು ಬಡಿಸುವ ಮುತಬ್ಬಖ್‌ನ ರುಚಿಯನ್ನು ಊರಿಗೆ ಬಂದ ಮೇಲೂ ನೆನೆಯುತ್ತಾರೆ.

ನಮ್ಮ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ರಜೆ. ಪೂರ್ವ ಕರಾವಳಿಯಲ್ಲಿ ಅದು ಏಪ್ರಿಲ್ 15ರಿಂದ ಜೂನ್ 14ರವರೆಗೆ. ಜೂನ್ ತಿಂಗಳ ಮೊದಲ ಎರಡು ವಾರ ದೇಶದ ಎರಡೂ ದಡಗಳಲ್ಲಿ ದೊಡ್ಡ ಬೋಟುಗಳು ಕಟ್ಟಿಹಾಕಿರುತ್ತವೆ ಎಂದಾಯಿತು. ಆ ದಿನಗಳಲ್ಲಿ ಬೆಂಗಳೂರಿನ ಅಂಗಡಿಯಲ್ಲಿ ‘ಈಗಷ್ಟೇ ಬಂದ ಮಾಂಜಿ’ ಎಂಬ ಮಾತನ್ನು ನಂಬುವ ಮೊದಲು ಈ ತಾರೀಖುಗಳನ್ನು ನೆನೆಯುವುದು ಲೇಸು: ಅದು ಶೀತಲಗೃಹದ್ದು, ಇಲ್ಲವೇ ಹೊರಗಿನದು, ಅಪರೂಪಕ್ಕೆ ನಾಡದೋಣಿಯದು. ಮಳೆಗಾಲದಲ್ಲಿ ಊರಿನಲ್ಲಿ ನಾಡದೋಣಿಗೆ ಸಿಕ್ಕಿದ ಮಾಂಜಿಯ ಬೆಲೆ ಕೇಳಿದರೆ ಒಣಮೀನಿನ ಚಟ್ನಿಯೇ ಸುಖವೆನಿಸುತ್ತದೆ. ನಾನು ಆ ಎರಡು ತಿಂಗಳು ಮಾಂಜಿಯ ತಂಟೆಗೇ ಹೋಗುವುದಿಲ್ಲ.

ಅಡುಗೆಮನೆಗೆ ಬಂದರೆ ಮಾಂಜಿ ಬಹಳ ಮರ್ಯಾದಸ್ಥ ಮೀನು. ಪೊರೆ ತೆಗೆಯಲು ಕತ್ತಿಯ ಬಾಯಿಯನ್ನು ಬಾಲದಿಂದ ತಲೆಯ ಕಡೆಗೆ ನಾಲ್ಕು ಬಾರಿ ಎಳೆದರೆ ಕೆಲಸ ಮುಗಿಯಿತು. ಕರುಳು ಸ್ವಲ್ಪವೇ, ಅದೂ ತಲೆಯ ಹಿಂದೆಯೇ. ಕಿವಿರಿನ ಕೆಳಗೆ ಓರೆಯಾಗಿ ಒಂದು ಸೀಳು ಕೊಟ್ಟರೆ ಎಲ್ಲ ಹೊರಗೆ ಬರುತ್ತದೆ. ಒಳಗಿನ ಕಪ್ಪು ರಕ್ತದ ಗೆರೆಯನ್ನು ಬೆರಳಿನಿಂದ ಉಜ್ಜಿ ತೊಳೆಯದಿದ್ದರೆ ಮಾತ್ರ ಎಂಥ ಮಸಾಲೆ ಹಾಕಿದರೂ ಕಹಿ ಉಳಿಯುತ್ತದೆ. ನಡುವೆ ಬಾಚಣಿಗೆಯಂಥ ಒಂದೇ ಮುಳ್ಳಿನ ಸಾಲು, ಮಾಂಸದೊಳಗೆ ಅಡಗಿರುವ ಸಣ್ಣ ಮುಳ್ಳುಗಳ ಕಾಟವಿಲ್ಲ. ಮಕ್ಕಳಿಗೂ ಹಲ್ಲು ಬಿದ್ದ ಹಿರಿಯರಿಗೂ ನಮ್ಮ ಮನೆಗಳಲ್ಲಿ ಮೊದಲು ಬಡಿಸುವ ಮೀನು ಇದೇ ಆಗಿರುವುದು ಸಹಜ.

ಹುರಿಯುವಾಗ ನನ್ನ ಕ್ರಮ ಹೀಗಿದೆ. ಮೀನಿನ ಎರಡೂ ಮೈಗೆ ಮೂಳೆ ತಾಗುವಷ್ಟು ಆಳವಾಗಿ ಓರೆ ಗೀರುಗಳನ್ನು ಹಾಕಿ, ಮೊದಲು ಬರೀ ಉಪ್ಪು, ಅರಿಸಿನ ಸವರಿ ಕಾಲು ಗಂಟೆ ಬಿಡುತ್ತೇನೆ. ಅಷ್ಟರಲ್ಲಿ ಅದು ಬಿಟ್ಟುಕೊಂಡ ನೀರನ್ನು ಚೆಲ್ಲಿ ಒರೆಸುತ್ತೇನೆ. ಮಸಾಲೆ ಅಂಟಿ ನಿಲ್ಲದೆ ಕಾವಲಿಗೆ ಹಿಡಿಯುವುದಕ್ಕೆ ಮುಕ್ಕಾಲು ಪಾಲು ಕಾರಣ ಆ ನೀರು. ಬ್ಯಾಡಗಿ ಮೆಣಸು, ಬೆಳ್ಳುಳ್ಳಿ, ಸ್ವಲ್ಪ ಕಾಳುಮೆಣಸು, ಹುಳಿಗೆ ಹುಣಸೆ ಇಷ್ಟನ್ನು ಗಟ್ಟಿಯಾಗಿ ಅರೆದು ತೆಳ್ಳಗೆ ಹಚ್ಚುತ್ತೇನೆ. ಅಕ್ಕಿಹಿಟ್ಟು ಒಂದು ಚಮಚ ಸೇರಿದರೆ ಸಾಕು. ಹೋಟೆಲುಗಳ ದಪ್ಪ ರವೆಯ ಹೊದಿಕೆಯ ಬಗ್ಗೆ ನನಗೆ ಒಳ್ಳೆಯ ಮಾತಿಲ್ಲ. ಕಾಣೆ ಮೀನಿಗೆ ರವೆ ಒಪ್ಪುತ್ತದೆ, ಮಾಂಜಿಗೆ ಅದು ಮುಸುಕು ಹಾಕುತ್ತದೆ. ಅಷ್ಟು ಬೆಲೆ ಕೊಟ್ಟು ತಂದ ಮೀನಿನ ರುಚಿಯನ್ನು ಎರಡು ರೂಪಾಯಿಯ ರವೆಯೊಳಗೆ ಹುಡುಕಬೇಕಾಗುತ್ತದೆ. ಕಾವಲಿ ಚೆನ್ನಾಗಿ ಕಾದ ಮೇಲೆ ತೆಂಗಿನೆಣ್ಣೆ ಬಿಟ್ಟು, ಮೀನಿಟ್ಟು, ಉರಿ ಇಳಿಸಿ, ಅಂಚು ತಾನಾಗಿ ಕಾವಲಿಯಿಂದ ಬಿಡುವವರೆಗೆ ಕೈ ಹಾಕಬಾರದು. ಮಗುಚುವುದು ಒಂದೇ ಸಲ.

ಸಾರಿಗೆ ಹಾಕುವಾಗ ಬಂಗುಡೆಯ ಪುಳಿಮುಂಚಿಯ, ಎಂದರೆ ಹುಳಿ ಖಾರದ ಸಾರಿನ, ಲೆಕ್ಕ ನಡೆಯುವುದಿಲ್ಲ. ಬಂಗುಡೆಯಂಥ ಎಣ್ಣೆಯಂಶದ, ಗಾಢವಾದ ಪರಿಮಳದ ಮೀನು ಖಾರ ಹುಳಿಗಳ ಜೊತೆ ಜಗಳಾಡಿ ಗೆಲ್ಲಬಲ್ಲದು, ಮಾಂಜಿ ಸೋತುಹೋಗುತ್ತದೆ. ಅದಕ್ಕೆ ನುಣ್ಣಗೆ ರುಬ್ಬಿದ ತೆಂಗಿನಕಾಯಿ, ಕೊತ್ತಂಬರಿ ಹದವಾಗಿ, ಹುಳಿಗೆ ಮಾವಿನಕಾಯಿಯೋ ಬಿಂಬುಳಿಯೋ ಸಾಕು. ಮಸಾಲೆ ಕುದಿದು ಹಸಿವಾಸನೆ ಹೋದ ಮೇಲಷ್ಟೇ ಮೀನು ಹಾಕಬೇಕು. ಆಮೇಲೆ ಸೌಟು ಮುಟ್ಟಿಸದೆ ಪಾತ್ರೆಯನ್ನೇ ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಅಲುಗಿಸಬೇಕು. ಐದಾರು ನಿಮಿಷಕ್ಕೆ ಬೆಂದಿರುತ್ತದೆ. ಇನ್ನೂ ಸ್ವಲ್ಪ ಇರಲಿ ಎಂದು ಬಿಟ್ಟರೆ ಬಡಿಸುವಾಗ ಮುಳ್ಳು ಒಂದು ಕಡೆ, ಮಾಂಸ ಒಂದು ಕಡೆ.

ತಟ್ಟೆಯ ಅಳತೆಯದಕ್ಕಿಂತ ದೊಡ್ಡ ಮೀನನ್ನು ಕೊಂಡು ಕೊಯ್ದು ತಿನ್ನುವುದೇ ಲೇಸೆಂಬ ನನ್ನ ಮುಖ್ಯ ವಾದಕ್ಕೆ ಅಡುಗೆಯ ಕಡೆಯಿಂದಲೂ ಬೆಂಬಲ ಸಿಗುವುದು ಇಲ್ಲಿಯೇ. ಮುಕ್ಕಾಲು ಕಿಲೋದ ಒಂದು ಮಾಂಜಿಯನ್ನು ತಂದು, ಬೆನ್ನಿಗೆ ಅಡ್ಡಲಾಗಿ ಬೆರಳು ದಪ್ಪದ ತುಂಡುಗಳನ್ನಾಗಿ ಕೊಯ್ದರೆ ನಾಲ್ಕು ಜನರ ಮನೆಗೆ ನಡುವಿನ ತುಂಡುಗಳು ಹುರಿಯಲು, ತಲೆ, ಬಾಲ, ಅಂಚಿನ ತುಂಡುಗಳು ಸಾರಿಗೆ ಒದಗುತ್ತವೆ. ಅದೇ ಹಣಕ್ಕೆ ಬರುವ ಚಿಕ್ಕ ಮೀನುಗಳ ತೂಕ ಹೆಚ್ಚೆಂದು ತೋರುವುದು ನಿಜ. ಆದರೆ ನಾಲ್ಕು ತಲೆ, ನಾಲ್ಕು ಬಾಲ, ನಾಲ್ಕು ಮುಳ್ಳಿನ ಸಾಲು ಕಳೆದು ತಟ್ಟೆಯಲ್ಲಿ ಉಳಿಯುವ ಮಾಂಸವನ್ನು ನೋಡಿದರೆ ಆ ಲಾಭ ಬಹಳಷ್ಟು ಕರಗಿಹೋಗಿರುತ್ತದೆ. ದಪ್ಪ ತುಂಡು ಒಳಗೆ ರಸವುಳಿಸಿಕೊಂಡು ಬೇಯುತ್ತದೆ, ತೆಳ್ಳನೆಯ ಮರಿ ಹೊರಗೆ ಕೆಂಪಾಗುವುದರೊಳಗೆ ಒಣಗಿರುತ್ತದೆ. ದೊಡ್ಡದಕ್ಕೆ ಹಣ ಸಾಲದ ದಿನ ಒಂದು ಕಪ್ಪು ಮಾಂಜಿಯನ್ನು ಕೊಯ್ಯಿಸಿ ತರುತ್ತೇನೆಯೇ ಹೊರತು ಮರಿಮಾಂಜಿಯ ರಾಶಿಗೆ ಕೈ ಹಾಕುವುದಿಲ್ಲ. ನಾನೊಬ್ಬ ಕೊಳ್ಳದಿದ್ದರೆ ಬಲೆಯ ಕಣ್ಣು ಅಗಲವಾಗುತ್ತದೆಂಬ ಭ್ರಮೆ ನನಗಿಲ್ಲ. ಆ ಮರಿಗಳು ಹೇಗೂ ಸತ್ತು ಬುಟ್ಟಿಗೆ ಬಂದಿವೆ ಎಂಬ ಮಾರುವವರ ಮಾತೂ ಸುಳ್ಳಲ್ಲ. ಆದರೆ ದರ ಸಿಗುವ ಗಾತ್ರವನ್ನೇ ಬೋಟಿನವರು ಹುಡುಕುವುದರಿಂದ, ಮರಿಗೆ ದರ ಏರದಿರುವುದು ಒಳ್ಳೆಯದು.

ಬೆಂಗಳೂರಿಗೋ ಮೈಸೂರಿಗೋ ಊರಿನಿಂದ ಮೀನು ಒಯ್ಯುವವರಿಗೂ ದೊಡ್ಡದೇ ಅನುಕೂಲ. ಕರುಳು ತೆಗೆದು ತೊಳೆದ ಇಡೀ ಮೀನನ್ನು, ಕೊಯ್ಯದೆ, ಪುಡಿ ಐಸಿನ ನಡುವೆ ಥರ್ಮೋಕೋಲ್ ಪೆಟ್ಟಿಗೆಯಲ್ಲಿಟ್ಟು ರಾತ್ರಿ ಬಸ್ಸಿಗೆ ಹಾಕಿದರೆ ಬೆಳಿಗ್ಗೆ ಹಾಗೆಯೇ ಸಿಗುತ್ತದೆ. ಕರಗಿದ ಐಸಿನ ನೀರು ಹರಿದುಹೋಗಲು ಕೆಳಗೊಂದು ತೂತು ಇರಬೇಕು, ನೀರಿನಲ್ಲಿ ನೆನೆದ ಮಾಂಜಿ ಸಪ್ಪೆಯಾಗುತ್ತದೆ. ಫ್ರೀಜರಿನಲ್ಲಿಡುವುದಾದರೆ ಗಾಳಿಯಾಡದಂತೆ ಸುತ್ತಿ, ಬೇಕಾದ ಹಿಂದಿನ ರಾತ್ರಿ ಫ್ರಿಜ್ಜಿನ ಕೆಳಗಿನ ಅರೆಗೆ ಇಳಿಸಿ ನಿಧಾನವಾಗಿ ಕರಗಲು ಬಿಡಬೇಕು.

ಇಷ್ಟೆಲ್ಲ ಹೇಳಿದರೂ ಮನೆಯಲ್ಲಿ ನನ್ನ ವಾದ ಪೂರ್ತಿ ಗೆದ್ದಿಲ್ಲ. ತುಂಡು ಮಾಡಿ ಬಡಿಸಿದರೆ ಅದು ಅಂಜಲೋ ಮಾಂಜಿಯೋ ಎಂದು ನೆಂಟರಿಗೆ ಗೊತ್ತಾಗುವುದು ಹೇಗೆ, ಖರ್ಚು ಮಾಡಿದ್ದು ಕಾಣಬೇಡವೇ ಎಂಬುದು ಅಕ್ಕನ ಪ್ರಶ್ನೆ. ಈ ಪ್ರಶ್ನೆಗೆ ನನ್ನಲ್ಲಿ ಒಳ್ಳೆಯ ಉತ್ತರವಿಲ್ಲ. ಹೀಗಾಗಿ ನೆಂಟರು ಬರುವ ದಿನ ಮಾರುಕಟ್ಟೆಗೆ ಅವಳೇ ಹೋಗುತ್ತಾಳೆ, ತಟ್ಟೆಯ ಅಳತೆಯದನ್ನೇ ಆರಿಸಿ ತರುತ್ತಾಳೆ. ಉಳಿದ ದಿನಗಳ ಖರೀದಿಯೂ ಕೊಯ್ಯುವ ಕೆಲಸವೂ ನನ್ನದು.